ಚಿಕ್ಕಂದಿನಲ್ಲಿ ಆದದ್ದನ್ನ ಈಗ ಹೇಳ್ಬೇಕು ಅನ್ನೋರು ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟ್ರೂ ಅಲ್ಲ ಲಾಯರ್ರೂ ಅಲ್ಲ. ಘಟ್ಟದ ಕೆಳಗಿನ ಒಂದು ಊರಲ್ಲಿ, ಎಲ್ಲರಿಗೂ ಎಲ್ಲರೂ ಒಂದಲ್ಲ ಒಂದು ಕಡೆಯಿಂದ ನೆಂಟರೇ ಆಗಿರೋ ಪಂಗಡದಲ್ಲಿ ಬೆಳೆದವನು. ಮುಂಜಿ ಆದ ವರ್ಷ, ನನಗಾಗ ಹತ್ತು, ಬೇಸಿಗೆ ರಜೆಯಲ್ಲಿ ವೇದ ಶಿಬಿರಕ್ಕೆ ಕಳಿಸಿದ್ರು. ಅಲ್ಲಿ ಪಾಠ ಹೇಳ್ತಿದ್ದವರು ರಾತ್ರಿ ಹೊತ್ತು ನನ್ನ ಜೊತೆ ಮಾಡಿದ್ದನ್ನ, ಅಂದ್ರೆ ಲೈಂಗಿಕ ದೌರ್ಜನ್ಯವನ್ನ, ನಾನು ಬಾಯಿಬಿಟ್ಟು ಹೇಳಿದ್ದು ಮೂವತ್ತೈದನೇ ವಯಸ್ಸಲ್ಲಿ. ಆಮೇಲೆ ಒಬ್ಬೊಬ್ಬರಾಗಿ ಜನ ಬಂದು ಕೇಳೋಕೆ ಶುರು ಮಾಡಿದ್ರು, ಕೆಲವರು ಮದುವೆ ಮನೆ ಹಿಂದಿನ ಬಾವಿಕಟ್ಟೆ ಹತ್ರ, ಕೆಲವರು ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿ ಮೊದಲ ಹತ್ತು ನಿಮಿಷ ಅಡಿಕೆ ರೇಟು ಮಾತಾಡಿ ಆಮೇಲೆ. ನಮ್ಮೋರಷ್ಟೇ ಅಲ್ಲ, ಚರ್ಚಿಗೆ ಹೋಗೋರು, ಮದ್ರಸಾದಲ್ಲಿ ಓದಿದೋರು, ಬಸದಿ ಪಕ್ಕದ ಮನೆಯೋರು ಎಲ್ಲರೂ. ಕೇಳೋದು ಮಾತ್ರ ಹೆಚ್ಚುಕಮ್ಮಿ ಇವನ್ನೇ.

ಇಷ್ಟು ವರ್ಷ ಸುಮ್ನಿದ್ದು ಈಗ್ಯಾಕೆ ಅಂತಾರೆ. ಏನು ಹೇಳ್ಲಿ?

ಏನೂ ಹೇಳಬೇಕಾಗಿಲ್ಲ ನಿಜ ಹೇಳ್ಬೇಕಂದ್ರೆ. ಆದ್ರೂ ನಿಮ್ಮ ಸಮಾಧಾನಕ್ಕೆ ಒಂದು ಲೆಕ್ಕ ಇಟ್ಕೊಳ್ಳಿ. ಆಸ್ಟ್ರೇಲಿಯಾದಲ್ಲಿ 2013ರಿಂದ 2017ರವರೆಗೆ ರಾಯಲ್ ಕಮಿಷನ್ ಅಂತ ಒಂದು ಸರ್ಕಾರಿ ತನಿಖಾ ಆಯೋಗ ಕೂತು ಚರ್ಚು, ಶಾಲೆ, ಅನಾಥಾಲಯ ಎಲ್ಲ ಕಡೆ ಮಕ್ಕಳಿಗಾದ ಲೈಂಗಿಕ ದೌರ್ಜನ್ಯದ ವಿಚಾರಣೆ ಮಾಡಿತು, ಎಂಟು ಸಾವಿರ ಚಿಲ್ಲರೆ ಜನರನ್ನ ಒಬ್ಬೊಬ್ಬರನ್ನಾಗಿ ಖಾಸಗಿಯಾಗಿ ಕೂರಿಸ್ಕೊಂಡು ಕೇಳಿದ್ರು. ಮೊದಲ ಸಲ ಯಾರಿಗಾದ್ರೂ ಹೇಳೋಕೆ ಅವರಿಗೆ ಹಿಡಿದದ್ದು ಸರಾಸರಿ 23.9 ವರ್ಷ. ನಾನು ತಗೊಂಡಿದ್ದು 25. ಅದನ್ನ ಓದಿದ ದಿನ, ಅರೆ ನಾನು ಲೇಟ್ ಅಲ್ಲ ಕಣೋ ಕರೆಕ್ಟ್ ಟೈಮಿಗೇ ಬಂದಿದೀನಿ ಅಂತ ನಗು ಬಂತು, ಒಬ್ಬನೇ ಕೂತು ನಕ್ಕಿದೀನಿ.

ಇನ್ನೊಂದು ವಿಷ್ಯ, "ಈಗ್ಯಾಕೆ" ಅನ್ನೋದಕ್ಕೆ ಸಾಮಾನ್ಯವಾಗಿ ಒಂದು ಕಾರಣ ಇದ್ದೇ ಇರತ್ತೆ. ನಮ್ಮ ಮಗು ಆ ವಯಸ್ಸಿಗೆ ಬಂದಿರತ್ತೆ, ಇಲ್ಲಾ ಆ ಮನುಷ್ಯ ಸತ್ತಿರ್ತಾನೆ, ಇಲ್ಲಾ ಅವನಿಗೊಂದು ಸನ್ಮಾನ ಆಗಿರತ್ತೆ. ನನ್ನ ವಿಷಯದಲ್ಲಿ ಮಗನ ಮುಂಜಿ ಕಾರ್ಡಿನ ಪ್ರೂಫ್ ವಾಟ್ಸಾಪಲ್ಲಿ ಬಂತು. ಕೆಳಗಡೆ ಆಶೀರ್ವದಿಸುವವರ ಸಾಲಲ್ಲಿ "ವೇದಮೂರ್ತಿ" ಅಂತ ಹಾಕಿ ಅವರ ಹೆಸರು. ಪ್ರೆಸ್ಸಿನವನು ಕೆಳಗೆ "ಸರ್ ಸ್ಪೆಲ್ಲಿಂಗ್ ಓಕೆನಾ" ಅಂತ ಕೇಳಿದ್ದ.

ನಾನು ತಡೀಲಿಲ್ಲ, ಕೂಗ್ಲೂ ಇಲ್ಲ. ಹಾಗಾದ್ರೆ ನಂದೂ ತಪ್ಪಲ್ವಾ?

ಅಲ್ಲ. ಹೆದರಿಕೆ ಮಿತಿ ಮೀರಿದಾಗ ಮೈ ಓಡೋದು ಇಲ್ಲಾ ತಿರುಗಿ ಬೀಳೋದು ಎರಡೇ ಮಾಡಲ್ಲ, ಮೂರನೇದೂ ಇದೆ, ಮರದ ತುಂಡಿನ ಥರ ಆಗಿಬಿಡೋದು. ನಾನು ಜಂತಿ ಎಣಿಸ್ತಾ ಮಲಗಿರ್ತಿದ್ದೆ, ಒಂಬತ್ತು ಜಂತಿ, ಏಳನೇದಕ್ಕೆ ಗೆದ್ದಲು ಹಿಡಿದಿತ್ತು. ಹತ್ತು ವರ್ಷದ ಹುಡುಗ ಅಷ್ಟೇ ಮಾಡೋಕಾಗೋದು. ಕೆಲವರು ಇನ್ನೂ ನಾಚಿಕೆಯಿಂದ ಕೇಳ್ತಾರೆ, ಮೈಗೆ ಏನೋ ಅನ್ನಿಸ್ತು, ಹಾಗಾದ್ರೆ ನನಗೂ ಇಷ್ಟ ಇತ್ತಾ ಅಂತ. ಕಚಗುಳಿ ಇಟ್ರೆ ಅಳ್ತಾ ಇದ್ರೂ ನಗು ಬರತ್ತಲ್ಲ, ಹಾಗೆ ಅದು. ಮೈಯಿಂದ ಬಂದ ಉತ್ತರ ಒಪ್ಪಿಗೆ ಆಗಲ್ಲ. ಮಗುವಿನ ಒಪ್ಪಿಗೆಗೆ ಕಾನೂನಲ್ಲೂ ಬೆಲೆ ಇಲ್ಲ.

ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು ಅನ್ಸತ್ತೆ. ಆದ್ರೂ ಯಾರೂ ಯಾಕೆ ಬಾಯಿ ಬಿಡ್ಲಿಲ್ಲ?

ಈ ಪ್ರಶ್ನೆಗೆ ನಾನು ತುಂಬ ವರ್ಷ ತಲೆ ಕೆಡಿಸ್ಕೊಂಡಿದೀನಿ. ನನ್ನ ದೊಡ್ಡಮ್ಮ ನಾನು ಹೇಳಿದ ಮೇಲೆ ಅಂದಿದ್ದು, "ಅವರ ಹತ್ರ ಹುಡುಗ್ರನ್ನ ಒಬ್ಬೊಬ್ರನ್ನೇ ಮಲಗಿಸ್ಬಾರ್ದು ಅಂತ ನಮ್ಮ ಅತ್ತೆ ಹೇಳ್ತಿದ್ರಪ್ಪ." ಅಂದ್ರೆ ನಾನು ಹುಟ್ಟೋ ಮುಂಚೆನೇ ಗೊತ್ತಿತ್ತು! ಅಡುಗೆಮನೆಯ ಹೆಂಗಸರಿಗೆ ಗೊತ್ತಿತ್ತು, ಜಗಲಿಯ ಗಂಡಸರಿಗೆ ಹೇಳೋ ಹಾಗಿರ್ಲಿಲ್ಲ, ಜಗಲಿಯ ಗಂಡಸರಿಗೂ ಗೊತ್ತಿತ್ತು ಆದ್ರೆ ಅವರದ್ದೇ ಮನೆ ಮದುವೆಗೆ ಮಂತ್ರ ಹೇಳೋಕೆ ಅವರೇ ಬರ್ಬೇಕಿತ್ತು. ಒಬ್ಬೊಬ್ಬರ ಕೈಲೂ ಒಂದೊಂದು ಚೂರು, ಜೋಡಿಸೋಕೆ ಯಾರಿಗೂ ಮನಸ್ಸಿಲ್ಲ.

ಒತ್ತೊತ್ತಾಗಿ ಬದುಕೋ ಸಮುದಾಯಗಳಲ್ಲಿ ಗುರು, ಪುರೋಹಿತ, ಪಾದ್ರಿ, ಉಸ್ತಾದ್ ಅಂದ್ರೆ ಬರೀ ಒಬ್ಬ ಮನುಷ್ಯ ಅಲ್ಲ, ನಮ್ಮ ಹುಟ್ಟು ಮದುವೆ ಸಾವು ಎಲ್ಲ ಅವರ ಕೈಮೇಲೆ ನಡೆದಿರತ್ತೆ. ಅವರನ್ನ ಅನುಮಾನಿಸಿದ್ರೆ ಅವರು ಕಟ್ಟಿಸಿದ ತಾಳಿ, ಅವರು ಬಿಡಿಸಿದ ಪಿಂಡ, ಎಲ್ಲದರ ಮೇಲೂ ಕೈಯಿಟ್ಟ ಹಾಗೆ ಅನ್ಸತ್ತೆ ಹಿರಿಯರಿಗೆ. ಅದಕ್ಕೇ ಆ ವಿಷಯ ಬಂದ ತಕ್ಷಣ ಕಾಫಿ ಲೋಟ ಎತ್ತೋ ನೆಪದಲ್ಲಿ ಎದ್ದು ಹೋಗ್ತಾರೆ. ಮತ್ತೆ ದೊಡ್ಡ ಸಂಸ್ಥೆ ಇದ್ರೆ ಇನ್ನೊಂದು ಉಪಾಯ ಇದೆ, ವರ್ಗಾವಣೆ. 2002ರಲ್ಲಿ ಅಮೆರಿಕದ ಬಾಸ್ಟನ್ ಪತ್ರಿಕೆಯವರು ಬಯಲು ಮಾಡಿದ್ದು ಇದನ್ನೇ, ದೂರು ಬಂದ ಪಾದ್ರಿಯನ್ನ ಒಂದು ಚರ್ಚಿನಿಂದ ಇನ್ನೊಂದಕ್ಕೆ ಕಳಿಸ್ತಾ ಇದ್ರು, ಹೊಸ ಊರಿನವರಿಗೆ ಗೊತ್ತೇ ಇರ್ತಿರ್ಲಿಲ್ಲ. ಅಲ್ಲಿನ ಚರ್ಚುಗಳ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಅದೇ ವರ್ಷದ ಡಿಸೆಂಬರಲ್ಲಿ ರಾಜೀನಾಮೆ ಕೊಡ್ಬೇಕಾಯ್ತು. ನಮ್ಮ ಕಡೆ ಅದನ್ನೇ "ಅವರನ್ನ ಘಟ್ಟದ ಮೇಲಿನ ಪಾಠಶಾಲೆಗೆ ಕರೆಸ್ಕೊಂಡಿದಾರೆ, ದೊಡ್ಡ ಜವಾಬ್ದಾರಿ" ಅಂತ ಹೇಳ್ತಾರೆ ಅಷ್ಟೇ ವ್ಯತ್ಯಾಸ.

ಮೊದಲು ಯಾರಿಗೆ ಹೇಳ್ಲಿ?

ಕೇಳಿದ ಮೇಲೆ ಏನೂ ಮಾಡದೇ ಸುಮ್ನೆ ಕೂರಬಲ್ಲ ಒಬ್ಬರಿಗೆ. ಅತಿ ಹತ್ತಿರದವರೇ ಆಗ್ಬೇಕು ಅಂತಿಲ್ಲ. ಕೇಳಿದ ತಕ್ಷಣ "ಅವನ ಕೈಕಾಲು ಮುರೀತೀನಿ" ಅಂತ ಎದ್ದು ನಿಲ್ಲೋ ಅಣ್ಣನಿಗೆ ಮೊದಲು ಹೇಳಬೇಡಿ, ಆಮೇಲೆ ನೀವು ಅವನನ್ನ ಸಮಾಧಾನ ಮಾಡ್ತಾ ಕೂರಬೇಕಾಗತ್ತೆ. ನಾನು ಹೆಂಡತಿಗೆ ಹೇಳಿದೆ, ಅವಳು ಹಲಸಿನ ಬೀಜದ ಸಿಪ್ಪೆ ಬಿಡಿಸ್ತಾ ಇದ್ಳು, ನಾನು ನೆಲ ನೋಡ್ಕೊಂಡು ಹೇಳ್ತಾ ಹೋದೆ, ಅವಳು ಬಿಡಿಸೋದು ನಿಲ್ಲಿಸ್ಲಿಲ್ಲ, ಅದೇ ಒಳ್ಳೇದಾಯ್ತು ನೋಡಿ, ನಿಲ್ಲಿಸಿ ನನ್ನ ಮುಖ ನೋಡಿದ್ರೆ ನಾನು ಮುಂದೆ ಹೇಳ್ತಿರ್ಲಿಲ್ಲ. ಕೊನೆಗೆ, "ಆ ಕಾರ್ಡ್ ಬೇರೆ ಮಾಡಿಸೋಣ" ಅಂದ್ಳು.

ಪೂರ್ತಿ ಹೇಳ್ಬೇಕಾಗಿಲ್ಲ. "ಚಿಕ್ಕವನಿದ್ದಾಗ ಒಬ್ಬರು ನನ್ನ ಜೊತೆ ಕೆಟ್ಟದಾಗಿ ನಡ್ಕೊಂಡಿದ್ರು, ವಿವರ ಈಗ ಬೇಡ" ಅಂದ್ರೂ ಸಾಕು. ಜನಕ್ಕೆ ಮೌನ ಮುರಿಯೋದು ಅಂದ್ರೆ ಸ್ಟೇಜು ಮೈಕು ನೆನಪಾಗತ್ತೆ. ಯಾರಿಗೆ, ಎಷ್ಟು, ಯಾವಾಗ ಹೇಳೋದು ಅನ್ನೋದು ನಿಮ್ಮ ಕೈಗೆ ಬಂದ್ರೆ ನನ್ನ ಪ್ರಕಾರ ಅದು ಮುರಿದ ಹಾಗೇನೇ. ಬಾಯಲ್ಲಿ ಬರದೇ ಇದ್ರೆ ಬರೀರಿ.

ಅಮ್ಮನಿಗೆ ಹೇಳ್ದೆ, "ಬಿಟ್ಹಾಕು, ಯಾರ ಹತ್ರನೂ ಹೇಳ್ಬೇಡ" ಅಂದ್ರು. ಎದೆ ಒಡೆದೋಯ್ತು.

ಹೌದು, ಒಡಿಯತ್ತೆ. ಆ ಮನುಷ್ಯ ಮಾಡಿದ್ದಕ್ಕಿಂತ ಇದೇ ಜಾಸ್ತಿ ನೋವು ಅಂತ ಬಹಳ ಜನ ಹೇಳಿದಾರೆ. ಅಮ್ಮಂದಿರ ಪರ ವಕಾಲತ್ತು ಮಾಡೋಕೆ ಬಂದಿಲ್ಲ ನಾನು, ಆದ್ರೆ ಮೊದಲ ಮಾತೇ ಕೊನೇ ಮಾತು ಅಂದ್ಕೋಬೇಡಿ. ನನ್ನಮ್ಮ ಕೇಳಿ ಏನೂ ಅನ್ಲಿಲ್ಲ, ಮೊರದಲ್ಲಿ ಅಕ್ಕಿ ಕಲ್ಲು ಆರಿಸ್ತಾನೇ ಇದ್ರು. ನಾನು ಎದ್ದು ಹೊರಟಾಗ ಕೇಳಿದ್ರು, "ಅವತ್ತು ನೀನು ಸಂಧ್ಯಾವಂದನೆ ಬಿಟ್ಟಿದ್ದು ಇದಕ್ಕೇನಾ? ನಾನು ಸೌಟಲ್ಲಿ ಹೊಡೆದಿದ್ನಲ್ಲೋ." ಅದಕ್ಕಿಂತ ಜಾಸ್ತಿ ಅವರು ಇವತ್ತಿಗೂ ಮಾತಾಡಿಲ್ಲ. ಕೆಲವರ ಅಮ್ಮಂದಿರು ಅಷ್ಟೂ ಹೇಳಲ್ಲ. ಅಂಥವರ ಮನೆ ಬಾಗಿಲು ಪದೇ ಪದೇ ತಟ್ಟಬೇಡಿ, ಒಪ್ಪಿಸ್ಲೇಬೇಕು ಅಂತ ಹಠ ಹಿಡಿದ್ರೆ ಸವೆಯೋದು ನಾವೇ.

ಪೂರ್ವಜನ್ಮದ ಕರ್ಮ ಅಂತಾರೆ. ಕ್ಷಮಿಸಿಬಿಡು ಅಂತಾರೆ. ಕ್ಷಮಿಸದೇ ಇದ್ರೆ ವಾಸಿ ಆಗಲ್ವಾ?

ಕರ್ಮದ ಲೆಕ್ಕ ಯಾವಾಗ್ಲೂ ಪೆಟ್ಟು ತಿಂದವನ ಖಾತೆಗೇ ಯಾಕೆ ಬರೀತಾರೆ? ಮಾಡಿದವನ ಕರ್ಮದ ಬಗ್ಗೆ ಯಾರೂ ಪ್ರವಚನ ಮಾಡಿದ್ದು ನಾನು ಕೇಳಿಲ್ಲ.

ಕ್ಷಮೆ ನಿಮ್ಮಿಷ್ಟ. ಕ್ಷಮಿಸಿ ಹಗುರಾದವರನ್ನ ನೋಡಿದೀನಿ, ಕ್ಷಮಿಸದೇ ಚೆನ್ನಾಗಿ ನಿದ್ದೆ ಮಾಡೋರನ್ನೂ ನೋಡಿದೀನಿ, ಎರಡನೇ ಗುಂಪಲ್ಲಿ ನಾನಿದೀನಿ. ಆದ್ರೆ ಇನ್ನೊಬ್ಬರು ಬಂದು ಕ್ಷಮಿಸು ಅಂದ್ರೆ ಸ್ವಲ್ಪ ಹುಷಾರು, ಅದು ಬಹಳ ಸಲ "ಇನ್ನು ಈ ವಿಷಯ ಎತ್ಬೇಡ" ಅನ್ನೋದರ ಮಡಿ ಬಟ್ಟೆ.

ದೇವರ ಮೇಲೇ ನಂಬಿಕೆ ಹೋಗಿದೆ. ಇಲ್ಲಾ, ನಂಬಿಕೆ ಇದೆ ಆದ್ರೆ ದೇವಸ್ಥಾನಕ್ಕೆ ಹೋದ್ರೆ ಹೊಟ್ಟೆ ತೊಳಸತ್ತೆ.

ಎರಡೂ ಆಗತ್ತೆ, ಒಬ್ಬರಿಗೇ ಬೇರೆ ಬೇರೆ ವರ್ಷ ಆಗತ್ತೆ. ನನಗೆ ದರ್ಭೆ ಚಾಪೆ ವಾಸನೆ ಆಗಲ್ಲ, ತೇವ ಆದ ದರ್ಭೆ. ಅದು ಮೂಗಿಗೆ ಬಿದ್ರೆ ಸಾಕು ನಾನು ಮತ್ತೆ ಹತ್ತು ವರ್ಷದವನು. ಹಾಗಾದಾಗ ತಣ್ಣೀರಲ್ಲಿ ಮುಖ ತೊಳಿಯೋದು, ಬರಿಗಾಲಲ್ಲಿ ನೆಲ ಒತ್ತಿ ನಿಲ್ಲೋದು, ಕಣ್ಣಿಗೆ ಕಾಣೋ ಐದು ವಸ್ತು ಜೋರಾಗಿ ಹೆಸರಿಸೋದು, ಕೇಳೋಕೆ ಬಾಲಿಶ ಆದ್ರೆ ಕೆಲಸ ಮಾಡತ್ತೆ, ನೀನೀಗ ಇಲ್ಲಿದೀಯ ಅಂತ ಮೈಗೆ ಗೊತ್ತಾಗತ್ತೆ. ಚರ್ಚಿಗೆ ಹೋಗೋ ಒಬ್ಬರು ನನ್ನ ಹತ್ರ, ಬಲಿಪೂಜೆಗೆ ಹೋಗ್ತೀನಿ ಆದ್ರೆ ಬಾಗಿಲ ಪಕ್ಕದ ಬೆಂಚಲ್ಲೇ ಕೂರ್ತೀನಿ ಅಂದ್ರು. ಅದೂ ಒಂದು ದಾರಿ. ದೇವರನ್ನ ಅವನ ಕೈಗೆ ಬಿಟ್ಟುಕೊಡ್ಬೇಕು ಅಂತಿಲ್ಲ, ಇಟ್ಕೊಳ್ಲೇಬೇಕು ಅಂತಾನೂ ಇಲ್ಲ.

ಊರ ಹಿರಿಯರು ಕೂತು ಮಾತಾಡಿ ಮುಗಿಸೋಣ ಅಂತಿದಾರೆ. ದೇವರ ಮುಂದೆ ಆಣೆ ಮಾಡ್ಲಿ ಅಂತಿದಾರೆ.

ದಯವಿಟ್ಟು ಹೋಗಬೇಡಿ. ಆಣೆ ಪ್ರಮಾಣ ಅಂದ್ರೆ ದೀಪ ಹಚ್ಚಿ ನಿಮ್ಮಿಬ್ಬರನ್ನ ಒಂದೇ ತಕ್ಕಡಿಯಲ್ಲಿ ತೂಗೋದು. ಅವನು ಧೈರ್ಯವಾಗಿ ಸುಳ್ಳು ಆಣೆ ಮಾಡ್ತಾನೆ, ಅಷ್ಟು ವರ್ಷ ಮಡಿಯುಟ್ಟು ಅದೇ ಕೆಲಸ ಮಾಡಿದವನಿಗೆ ಅದೇನು ಕಷ್ಟ? ಆಮೇಲೆ ಅವನ ಮನೆಯಲ್ಲಿ ಒಂದು ಹಸು ಸಾಯೋವರೆಗೆ ಊರು ಕಾಯ್ತಾ ಕೂರತ್ತೆ, ಸಾಯ್ಲಿಲ್ಲಾಂದ್ರೆ ಸುಳ್ಳು ನಿಮ್ಮದು.

ಮಗುವಿನ ಕೇಸಾದ್ರಂತೂ ರಾಜಿಗೆ ಜಾಗವೇ ಇಲ್ಲ. ರಾಜಸ್ಥಾನದಲ್ಲಿ ಒಬ್ಬ ಟೀಚರ್ ಮೇಲಿನ ಕೇಸನ್ನ ಹುಡುಗಿ ಅಪ್ಪ ರಾಜಿ ಆಗಿದಾರೆ ಅಂತ ಹೈಕೋರ್ಟ್ ರದ್ದು ಮಾಡಿತ್ತು, 2024ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ ಆ ಆದೇಶನೇ ತಳ್ಳಿಹಾಕಿತು, ಇದು ಎರಡು ಮನೆಗಳ ಖಾಸಗಿ ಜಗಳ ಅಲ್ಲ ಅಂತ. ಯಾರಾದ್ರೂ "ಸಮಾಜದ ಹತ್ತು ಜನ ಕೂತು" ಅಂತ ಶುರು ಮಾಡಿದ್ರೆ ಇದನ್ನ ಹೇಳಿ.

ನನಗಾಗಿದ್ದು ಬಹಳ ಹಳೇದು. ಈಗ ದೂರು ಕೊಡೋಕಾಗತ್ತಾ?

ಮೊದಲು ನೋಡಬೇಕಾದ್ದು ಯಾವ ವರ್ಷ ಆಗಿದ್ದು ಅಂತ. ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಕಾಯ್ದೆ, ಜಾರಿಗೆ ಬಂದಿದ್ದು 2012ರ ನವೆಂಬರ್ 14ಕ್ಕೆ. ಅದರ ಆಮೇಲೆ ಆಗಿದ್ರೆ, ಆಗ ನೀವು 18ರ ಒಳಗಿದ್ರೆ, ಈಗ ನಿಮ್ಮ ವಯಸ್ಸು ಎಷ್ಟೇ ಇರ್ಲಿ ದೂರು ಕೊಡಬಹುದು, ಇದಕ್ಕೆ ಕಾಲಮಿತಿ ಇಲ್ಲ ಅಂತ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆನೇ 2018ರಲ್ಲಿ ಸ್ಪಷ್ಟ ಮಾಡಿದೆ. ಈ ಕಾಯ್ದೆಯಲ್ಲಿ ಧಾರ್ಮಿಕ ಸಂಸ್ಥೆಯ ಆಡಳಿತದವರು ಅಥವಾ ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಮಾಡಿದ್ರೆ ಅದು ಇನ್ನೂ ಗಂಭೀರ ಅಪರಾಧ, ಶಿಕ್ಷೆ ಜಾಸ್ತಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ರಕ್ತ ಸಂಬಂಧಿ ಮಾಡಿದ್ರೂ ಹಾಗೇ.

ನನ್ನ ಹಾಗೆ 2012ಕ್ಕಿಂತ ಮುಂಚೆ ಆಗಿದ್ರೆ ಪೋಕ್ಸೋ ಹಿಂದಕ್ಕೆ ಹೋಗಿ ಅನ್ವಯ ಆಗಲ್ಲ, ಆವಾಗಿನ ಐಪಿಸಿ ಸೆಕ್ಷನ್ನುಗಳೇ ನೋಡ್ಬೇಕು. ಮೂರು ವರ್ಷದವರೆಗಿನ ಶಿಕ್ಷೆ ಇರೋ ಅಪರಾಧಗಳಿಗೆ ಕಾಲಮಿತಿ ಇದೆ, ಅದಕ್ಕಿಂತ ದೊಡ್ಡ ಅಪರಾಧಕ್ಕಿಲ್ಲ. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದ್ರೆ ಸಾಕ್ಷಿ ಹೊಂದಿಸೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ ನಾನು. ಒಬ್ಬ ವಕೀಲರ ಹತ್ರ ಕೂತು ಮಾತಾಡಿ. ಹೆಂಗಸರಿಗೆ, ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ರೂ ವಕೀಲರ ಸಹಾಯ ಉಚಿತ, ಕೋರ್ಟ್ ಕಾಂಪೌಂಡಲ್ಲೇ ಆಫೀಸ್ ಇರತ್ತೆ.

ಈಗ ಒಂದು ಮಗುವಿಗೆ ಹೀಗಾಗ್ತಿದೆ ಅಂತ ಗೊತ್ತಾದ್ರೆ?

ಇಲ್ಲಿ ಮಾತ್ರ "ನಿಮ್ಮಿಷ್ಟ" ಅನ್ನೋಕಾಗಲ್ಲ. ತಿಳಿಸ್ಲೇಬೇಕು. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಯಾರಿಗೇ ಗೊತ್ತಾದ್ರೂ ಪೊಲೀಸರಿಗೆ ಹೇಳ್ಬೇಕು, ಗುರುಗಳಿಗೆ ಪಾದ್ರಿಗಳಿಗೆ ಅಂತ ವಿನಾಯ್ತಿ ಎಲ್ಲೂ ಬರೆದಿಲ್ಲ. ಹೇಳದೇ ಇದ್ರೆ ಆರು ತಿಂಗಳವರೆಗೆ ಜೈಲು ಇಲ್ಲಾ ದಂಡ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ರೆ ಒಂದು ವರ್ಷದವರೆಗೆ. ಮಹಾರಾಷ್ಟ್ರದ ಹಾಸ್ಟೆಲ್ ಹುಡುಗಿಯರಿಗೆ ಔಷಧಿ ಕೊಟ್ಟ ಡಾಕ್ಟ್ರು ಪೊಲೀಸರಿಗೆ ತಿಳಿಸ್ಲಿಲ್ಲ ಅನ್ನೋ ಕೇಸಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಗೊತ್ತಿದ್ದೂ ಹೇಳದಿರೋದು ಗಂಭೀರ ಅಪರಾಧ ಅಂತಲೇ ಹೇಳಿದೆ. ಒಳ್ಳೇ ಮನಸ್ಸಿಂದ ಮಾಹಿತಿ ಕೊಟ್ಟವರ ಮೇಲೆ ಕೇಸ್ ಹಾಕೋ ಹಾಗಿಲ್ಲ, ಅದೂ ಅದೇ ಸೆಕ್ಷನ್ನಲ್ಲಿದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ತುರ್ತಾದ್ರೆ 112. ಸ್ಟೇಷನ್ ಅಂದ್ರೆ ಹೆದರೋ ಅಪ್ಪ ಅಮ್ಮಂದಿರಿಗೆ ಇಷ್ಟು ಹೇಳಿ: ಮಗುವಿನ ಹೇಳಿಕೆ ಮನೆಯಲ್ಲೇ ತಗೋಬಹುದು, ಪೊಲೀಸರು ಯೂನಿಫಾರ್ಮ್ ಹಾಕಿರಬಾರದು, ರಾತ್ರಿ ಮಗುವನ್ನ ಸ್ಟೇಷನ್ನಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಹೆಣ್ಣುಮಗು ಆದ್ರೆ ಲೇಡಿ ಡಾಕ್ಟ್ರೇ ಪರೀಕ್ಷೆ ಮಾಡ್ಬೇಕು. ಮಗುವನ್ನ ನೀವೇ ಹತ್ತು ಸಲ ಪ್ರಶ್ನೆ ಕೇಳಬೇಡಿ, "ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಲ್ಲ" ಅಷ್ಟು ಸಾಕು. ಮತ್ತೆ ಮಗುವಿನ ಫೋಟೋ, ಹೆಸರು, ಶಾಲೆ ಹೆಸರು ಫ್ಯಾಮಿಲಿ ಗ್ರೂಪಿಗೆ ಹಾಕಿ ನ್ಯಾಯ ಕೇಳೋ ಭಾವಂದಿರು ಇರ್ತಾರೆ, ಅದು ಸ್ವತಃ ಅಪರಾಧ, ಡಿಲೀಟ್ ಮಾಡಿಸಿ.

ಮಾನನಷ್ಟ ಕೇಸ್ ಹಾಕ್ತೀವಿ ಅಂತ ಹೆದರಿಸ್ತಿದಾರೆ.

ಹಾಕಬಹುದು, ಹೆದರಿಸೋಕೆ ಅಂತಲೇ ಹಾಕೋದು. ಪೊಲೀಸರು, ಮಕ್ಕಳ ಕಲ್ಯಾಣ ಸಮಿತಿ ಥರ ಕೇಳೋ ಅಧಿಕಾರ ಇರೋರಿಗೆ ಒಳ್ಳೇ ಮನಸ್ಸಿಂದ ಕೊಟ್ಟ ದೂರು ಮಾನನಷ್ಟ ಆಗಲ್ಲ. ಹೆಸರು ಹಾಕಿ ಸಾರ್ವಜನಿಕವಾಗಿ ಬರೆಯೋದು ಬೇರೆ ವಿಷಯ, ಅದಕ್ಕೆ ಮುಂಚೆ ವಕೀಲರನ್ನ ಕೇಳಿ. ದೆಹಲಿ ಕೋರ್ಟ್ 2021ರ ಫೆಬ್ರವರಿ 17ಕ್ಕೆ ಪತ್ರಕರ್ತೆ ಪ್ರಿಯಾ ರಮಾನಿಯವರನ್ನ ಇಂಥದೇ ಮಾನನಷ್ಟ ಕೇಸಲ್ಲಿ ಬಿಡುಗಡೆ ಮಾಡಿ, ಹೆಣ್ಣಿಗೆ ದಶಕಗಳಾದ ಮೇಲೂ ಹೇಳ್ಕೊಳ್ಳೋ ಹಕ್ಕಿದೆ ಅಂದಿತ್ತು. ಅದು ವಯಸ್ಸಿಗೆ ಬಂದವರ ವಿಷಯ ಹೌದು, ಆದ್ರೆ ಮಾತು ನಮಗೂ ಆಗತ್ತೆ.

ತಂಗಿಗೆ ಗಂಡು ನೋಡ್ತಿದಾರೆ. ಈಗ ಹೇಳಿದ್ರೆ ಸಂಬಂಧ ತಪ್ಪತ್ತೆ ಅಂತಾರೆ.

ಇದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ. ತಪ್ಪಬಹುದು, ತಪ್ಪಿದ್ದು ನೋಡಿದೀನಿ. ಆದ್ರೆ ತಂಗಿ ಮದುವೆ ಆದ ಮೇಲೆ ಅವಳ ಬಾಣಂತನ ಬರತ್ತೆ, ಆಮೇಲೆ ಅಪ್ಪನ ಷಷ್ಟ್ಯಬ್ದಿ, ಆಮೇಲೆ ಮನೆ ಒಕ್ಕಲು. ಒಂದು ಕೆಲಸ ಮಾಡಿ, ತಂಗಿಯನ್ನೇ ಕೇಳಿ. ನನಗೆ ಗೊತ್ತಿರೋ ಒಂದು ಮನೆಯಲ್ಲಿ ಕೇಳಿದ್ರೆ ಅವಳೂ ಅದೇ ಮನುಷ್ಯನ ಬಗ್ಗೆ ಹೇಳೋಕೆ ತನ್ನ ಮದುವೆ ಮುಗೀಲಿ ಅಂತ ಕಾಯ್ತಾ ಇದ್ಳು.

ನಾನು ಗಂಡಸು. ಗಂಡು ಮಕ್ಕಳಿಗೂ ಹೀಗಾಗತ್ತೆ ಅಂದ್ರೆ ನಗ್ತಾರೆ.

ನಗೋರಿಗೆ 2007ರ ಕೇಂದ್ರ ಸರ್ಕಾರದ ಅಧ್ಯಯನ ತೋರ್ಸಿ. 13 ರಾಜ್ಯದ 12,447 ಮಕ್ಕಳನ್ನ ಕೇಳಿದ್ರಲ್ಲಿ 53.22 ಪರ್ಸೆಂಟ್ ಮಕ್ಕಳು ಒಂದಲ್ಲ ಒಂದು ಥರದ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರೇ. ಪೋಕ್ಸೋದಲ್ಲೂ ಮಗು ಅಂದ್ರೆ ಮಗು, ಗಂಡು ಹೆಣ್ಣು ಅಂತಿಲ್ಲ. ನಮ್ಮ ಕಡೆ ಹುಡುಗೀರನ್ನ ಕಾಯೋಕೆ ನೂರು ಕಣ್ಣು, ಹುಡುಗ್ರನ್ನ ಮಾತ್ರ ಚಾಪೆ ಸುತ್ತಿಕೊಟ್ಟು ಬಸ್ ಹತ್ತಿಸಿಬಿಡ್ತಾರೆ.

ವಾಸಿ ಆಗತ್ತಾ? ಯಾರ ಹತ್ರ ಹೋಗ್ಲಿ?

ಮರೆಯೋದು ಅನ್ನೋ ಅರ್ಥದಲ್ಲಿ ಇಲ್ಲ. ಆದ್ರೆ ಬೆಳಗ್ಗೆ ಮೂರಕ್ಕೆ ಎಚ್ಚರ ಆಗೋದು, ಯಾರಾದ್ರೂ ಹಿಂದಿನಿಂದ ಹೆಗಲು ಮುಟ್ಟಿದ್ರೆ ಬೆಚ್ಚೋದು, ಮಗುವನ್ನ ಸ್ನಾನ ಮಾಡಿಸೋಕೂ ಹೆದರೋದು, ಇವೆಲ್ಲ ನಿಜವಾಗ್ಲೂ ಕಮ್ಮಿ ಆಗತ್ತೆ. ಆಘಾತಕ್ಕೇ ಅಂತ ಇರೋ ಥೆರಪಿಗಳಿವೆ, ಟ್ರಾಮಾಗೆ ಹೊಂದಿಸಿದ ಸಿಬಿಟಿ (ಯೋಚನೆ, ನಡವಳಿಕೆ ತಿದ್ದೋ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಆಚೀಚೆ ಆಡಿಸ್ತಾ ಆ ನೆನಪಿನ ಮೇಲೆ ಕೆಲಸ ಮಾಡೋ ಚಿಕಿತ್ಸೆ), ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋಕಾದ್ರೆ ಹೋಗಿ, ಆಗದಿದ್ರೆ ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗ. 14416 ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರತ್ತೆ, ದುಡ್ಡಿಲ್ಲ. ಸಾಯ್ಬೇಕು ಅನ್ನಿಸ್ತಿದ್ರೆ ಮುಂದಿಂದು ಓದೋದು ಬಿಟ್ಟು ಈಗ್ಲೇ ಮಾಡಿ.

ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರೆಲ್ಲ ಸರಿಯಿರಲ್ಲ. ನಾನು ಹೋದ ಮೊದಲನೆಯವರು ಎರಡನೇ ಸಿಟ್ಟಿಂಗಲ್ಲೇ "ಅವರಿಗೂ ವಯಸ್ಸಾಯ್ತಲ್ಲ" ಅಂದ್ರು, ಆ ನಾನೂರು ರೂಪಾಯಿ ನೆನೆಸ್ಕೊಂಡ್ರೆ ಇವತ್ತಿಗೂ ಉರಿಯತ್ತೆ. ಎರಡನೆಯವರ ಹತ್ರ ಒಂದೂವರೆ ವರ್ಷ ಹೋದೆ. ನಿಮ್ಮದೇ ಪಂಗಡದವರು ಬೇಡ ಅನ್ನಿಸಿದ್ರೆ ಬೇರೆ ಊರಲ್ಲಿ ನೋಡಿ, ಅದು ಹೇಡಿತನ ಅಲ್ಲ. ನೀವಿನ್ನೂ 18 ದಾಟಿಲ್ಲ ಅಂದ್ರೆ ಕೌನ್ಸೆಲರ್‌ಗೆ ಹೇಳಿದ್ದು ಪೊಲೀಸರವರೆಗೂ ಹೋಗತ್ತೆ, ಅವರೂ ಕಾನೂನಿಗೆ ಕಟ್ಟುಬಿದ್ದವರು, ಮೊದಲೇ ಗೊತ್ತಿರ್ಲಿ.

ಮಕ್ಕಳನ್ನ ಶಿಬಿರಕ್ಕೆ, ಪಾಠಕ್ಕೆ ಕಳಿಸೋದೇ ಬೇಡ್ವಾ?

ಹಾಗೇನಿಲ್ಲ, ಕೇಳಿ ಕಳಿಸಿ. ರಾತ್ರಿ ಯಾರು ಎಲ್ಲಿ ಮಲಗ್ತಾರೆ, ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಇರ್ತಾರಾ, ಸ್ನಾನದ ಮನೆಗೆ ಒಳಗಿಂದ ಚಿಲಕ ಇದೆಯಾ, ಮಗು ದಿನಾ ಮನೆಗೆ ಫೋನ್ ಮಾಡಬಹುದಾ, ಹೇಳದೇ ಕೇಳದೇ ನಾವು ಬಂದ್ರೆ ಒಳಗೆ ಬಿಡ್ತಾರಾ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕಿದ್ರೆ ಚಾಪೆ ಬಿಚ್ಚಬೇಡಿ, ವಾಪಸ್ ಕರ್ಕೊಂಡ್ ಬನ್ನಿ. ಮಗುವಿಗೆ ಮೈ ಭಾಗಗಳ ಹೆಸರು ಕಲಿಸಿ, ಅಪ್ಪ ಅಮ್ಮನಿಗೆ ಹೇಳಬಾರದು ಅನ್ನೋ ಗುಟ್ಟು ಯಾರೇ ಕೊಟ್ರೂ ಅದು ಇಟ್ಕೊಳ್ಳೋ ಗುಟ್ಟಲ್ಲ ಅಂತ ಹೇಳಿ, ಅದರಲ್ಲಿ ಕಾವಿ ಉಟ್ಟವರೂ ಬಿಳಿ ಉಟ್ಟವರೂ ಸೇರ್ತಾರೆ ಅಂತಾನೂ ಹೇಳಿ. "ಹೋಗು ಅವರ ತೊಡೆ ಮೇಲೆ ಕೂತ್ಕೋ" ಅಂತ ದೂಡೋದು ನಿಲ್ಲಿಸಿ.

ನೀವು ಹೇಳಿದ ಮೇಲೆ ಏನಾಯ್ತು? ಮಗನ ಮುಂಜಿ?

ಕೇಸ್ ಆಗಿಲ್ಲ, ಇನ್ನೂ ಯೋಚನೆಯಲ್ಲಿದೀನಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕೊಟ್ಟೆ, ಅವರು ಹೋಗಿ ನೋಡಿ ಬಂದ್ರು, ಆ ಬೇಸಿಗೆ ಶಿಬಿರ ನಡೀಲಿಲ್ಲ. ಕಾರಣ ಅಂತ ಊರಲ್ಲಿ ಹೇಳಿದ್ದು ನೀರಿನ ಅಭಾವ. ದೊಡ್ಡಪ್ಪನ ಮನೆಯೋರು ನಮ್ಮ ಜೊತೆ ಮಾತು ಬಿಟ್ಟಿದಾರೆ, ತೋಟದ ಬೇಲಿ ಹತ್ರ ಎದುರಾದ್ರೆ ತಲೆ ಮೇಲಿನ ಹಾಳೆಟೊಪ್ಪಿ ಸರಿ ಮಾಡ್ಕೊಂಡು ಹೋಗ್ತಾರೆ. ಇಬ್ಬರು ನನ್ನ ವಯಸ್ಸಿನವರು, ಅದೇ ಶಿಬಿರದವರು, ಬೇರೆ ಬೇರೆ ದಿನ ಬಂದು ಏನೂ ಮಾತಾಡದೇ ಒಂದು ಗಂಟೆ ಕೂತು ಹೋದ್ರು. ಅದರಲ್ಲಿ ಒಬ್ಬ ಹೋಗ್ತಾ ಕೇಳಿದ, "ಏಳನೇ ಜಂತಿಗೆ ಗೆದ್ದಲು ಹಿಡಿದಿತ್ತಲ್ವಾ?"

ಮುಂಜಿ ಮನೆಯಲ್ಲೇ ಆಯ್ತು, ಬೇರೆ ಊರಿನ ಭಟ್ರು ಬಂದು ಮಾಡ್ಸಿದ್ರು. ನೂರೈವತ್ತು ಎಲೆ ಅಂದ್ಕೊಂಡಿದ್ವಿ, ಅರವತ್ತೆರಡಾಯ್ತು, ಹೋಳಿಗೆ ಮೂರು ದಿನ ತಿಂದ್ವಿ. ಸಂಧ್ಯಾವಂದನೆ ಮಗನಿಗೆ ನಾನೇ ಹೇಳಿಕೊಟ್ಟೆ, ಜಗಲಿಯಲ್ಲಿ, ಬಾಗಿಲು ತೆಗೆದಿಟ್ಟು. ಅರ್ಧ ನನಗೇ ಮರೆತುಹೋಗಿತ್ತು, ಅಮ್ಮ ಒಳಗಿನಿಂದ ತಿದ್ದುತಾ ಇದ್ರು.